ಮಳೆಗಾಲ, ತೂಕದ ಮೆಷಿನ್ ಮತ್ತು ನನ್ನ ಅಡ್ವಾನ್ಸ್ಡ್ ಶಿಯಾತ್ಸು ಬ್ಯಾಚ್

ಶಿಯಾತ್ಸು ಅಂದರೆ ಬಟ್ಟೆಯ ಮೇಲಿನಿಂದಲೇ ಹೆಬ್ಬೆರಳು, ಮೊಣಕೈಯಿಂದ ಮೈ ಒತ್ತುವ ಜಪಾನಿನ ಚಿಕಿತ್ಸೆ. ಏಳೆಂಟು ವರ್ಷ ಅದನ್ನು ಮಾಡಿ ಕೈ ಪಳಗಿದವರಿಗೆ ಮತ್ತೆ ಎಂತ ಟ್ರೈನಿಂಗ್ ಅಂತ ಮಂಗಳೂರಿನಲ್ಲಿ ನನ್ನನ್ನು ಕೇಳದವರಿಲ್ಲ. ಅದೂ ಜೂನ್-ಜುಲೈಯ ಜಡಿಮಳೆಯಲ್ಲಿ. ಅದೂ ತೂಕ ನೋಡುವ ಮೆಷಿನ್ ಇಟ್ಟುಕೊಂಡು. ಈ ಸಲದ ಬ್ಯಾಚ್ ಮುಗಿಯಿತು. ಸೇರಿದ ಆರೂ ಜನ ಕೊನೆಯವರೆಗೆ ಇದ್ದರು, ನನ್ನ ಕೈಯಲ್ಲೂ ನಾಲ್ಕು ಕಾಸು ಉಳಿಯಿತು. ಈಗ ಧೈರ್ಯವಾಗಿ ಬರೆಯಬಹುದು.

ನಮ್ಮ ಲೈನಿನವರಿಗೆಲ್ಲ ಇರುವುದು ಒಂದೇ ಕಾಯಿಲೆ, ಹೆಬ್ಬೆರಳು. ದಿನಕ್ಕೆ ನಾಲ್ಕೈದು ಕ್ಲೈಂಟ್ ನೋಡುವವರಿಗೆ ಕೆಲವು ವರ್ಷಗಳಲ್ಲಿ ಬೆರಳಿನ ಬುಡದ ಗಂಟು ನೋಯಲು ಶುರುವಾಗುತ್ತದೆ. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಅಡ್ವಾನ್ಸ್ಡ್ ಅಂದ ಕೂಡಲೇ ಎಲ್ಲರಿಗೂ ಬೇಕಾದ್ದು ಹೊಸ ಪಾಯಿಂಟ್ (ಒತ್ತುವ ಜಾಗ), ಜಪಾನಿನ ಶಿಯಾತ್ಸು ಗುರು ಮಸುನಾಗಾ ಅವರು ಮೈಯಲ್ಲಿ ಶಕ್ತಿ ಹರಿಯುತ್ತದೆ ಅಂತ ಗುರುತಿಸಿದ ಉದ್ದ ದಾರಿಗಳ, ಅಂದರೆ ಮೆರಿಡಿಯನ್‌ಗಳ ಚಾರ್ಟ್, ಗೋಡೆಗೆ ಹಾಕಲು ಒಂದು ಸರ್ಟಿಫಿಕೇಟ್. ನಾನೂ ಹೊರಗೆ ಹೋಗಿ ಮೂವತ್ತೈದು-ನಲವತ್ತು ಸಾವಿರ ಸುರಿದು ಅಂಥದ್ದೊಂದು ಕೋರ್ಸ್ ಮಾಡಿದ್ದೆ. ಚಾರ್ಟ್ ಚಂದ ಇತ್ತು. ವಾಪಸ್ ಬಂದು ಒತ್ತಿದ್ದು ಮಾತ್ರ ಅದೇ ಹಳೇ ಒತ್ತು.

ಜಪಾನಿನಲ್ಲಿ ಕನಿಷ್ಠ ಮೂರು ವರ್ಷ ಶಾಲೆಯಲ್ಲಿ ಕಲಿತು ಸರ್ಕಾರಿ ಪರೀಕ್ಷೆ ಪಾಸಾದರೆ ಮಾತ್ರ ಲೈಸೆನ್ಸ್. ಶಿಯಾತ್ಸುವನ್ನು ರೂಪಿಸಿದ ತೊಕುಜಿರೊ ನಮಿಕೋಶಿ ಟೋಕಿಯೋದಲ್ಲಿ 1940ರಲ್ಲೇ ಶಾಲೆ ತೆರೆದಿದ್ದರು. ನಮ್ಮಲ್ಲಿ ಹತ್ತು ದಿನದ ಕೋರ್ಸ್ ಮುಗಿಸಿ ಹನ್ನೊಂದನೇ ದಿನ ಬೋರ್ಡ್ ಹಾಕುವವರೂ ಉಂಟು. ಪಾಯಿಂಟ್‌ಗಳನ್ನು ಪುಸ್ತಕ ನೋಡಿ ಕಲಿಯಬಹುದು. ಒತ್ತಡ ಮೈಗೆ ಇಳಿಯುವುದಕ್ಕೆ ಆ ಮೂರು ವರ್ಷ ಬೇಕು. ನಮಗೆ ಬಿಟ್ಟುಹೋದದ್ದು ಅದೇ. ಹಾಗಾಗಿ ನನ್ನ ಅಡ್ವಾನ್ಸ್ಡ್ ಕೋರ್ಸ್‌ನಲ್ಲಿ ಹೊಸ ಪಾಯಿಂಟ್ ಒಂದೂ ಇಲ್ಲ ಅಂತ ಮೊದಲೇ ಹೇಳಿಬಿಟ್ಟೆ. ಉಡುಪಿಯ ಹಿರಿಯರೊಬ್ಬರು ಫೋನ್ ಮಾಡಿ, "ಪಾಯಿಂಟ್ ಕಲಿಸದೆ ದುಡ್ಡು ತಗೊಳ್ಳುದಾ? ಯಾರು ಬರ್ತಾರೆ ಮಾರಾಯ್ರೆ" ಅಂದರು.

ಅವರು ಹೇಳಿದ್ದು ಸುಳ್ಳೇನೂ ಆಗಲಿಲ್ಲ. ಮೊದಲ ಬ್ಯಾಚ್ ಬೇಸಿಗೆಯಲ್ಲಿ ಮಾಡಿದ್ದು, ತಲೆಗೆ ಆರು ಸಾವಿರ. ಎಂಟು ಜನ ಸೇರಿದರು, ಎರಡು ವಾರಕ್ಕೆ ಮೂವರು ಫೀಸ್ ವಾಪಸ್ ಕೇಳಿದರು. ಕೊಟ್ಟೆ. ಹತ್ತಿ ಹಾಸಿಗೆ ಹೊಲಿಯುವವರ ಹತ್ತಿರ ನಾಲ್ಕು ಫ್ಯೂಟಾನ್ (ಶಿಯಾತ್ಸು ಮಾಡಲು ನೆಲಕ್ಕೆ ಹಾಸುವ ಜಪಾನಿ ಹಾಸಿಗೆ) ಮಾಡಿಸಿದ್ದೆ, ಒಂದಕ್ಕೆ ಎರಡೂವರೆ ಸಾವಿರದಂತೆ. ಬಿಜೈಯ ಹಾಲ್‌ಗೆ ಬಾಡಿಗೆ ಬೇರೆ. ಹತ್ತು-ಹದಿನೈದು ಸಾವಿರ ಕೈಬಿಟ್ಟಿತು. ಜುಲೈಗೆ ಫ್ಯೂಟಾನ್‌ಗಳಿಗೆ ಬೂಷ್ಟು ಹಿಡಿದು ಅವನ್ನೂ ಎಸೆಯಬೇಕಾಯಿತು. ಈಗ ಕೆಳಗೆ ತೆಳು ಕಾಯರ್ ಹಾಸಿಗೆ, ಮೇಲೆ ಎರಡು ಕಂಬಳಿ, ಅದರ ಮೇಲೆ ಬಟ್ಟೆ. ಸಾವಿರದೊಳಗೆ ಮುಗಿಯುತ್ತದೆ, ಮಳೆಗೂ ಜಗ್ಗುವುದಿಲ್ಲ. ಕರಾವಳಿಯಲ್ಲಿ ದಪ್ಪ ಹತ್ತಿ ಫ್ಯೂಟಾನ್ ಮಾಡಿಸುವವರಿಗೆ ನನ್ನದು ಒಂದೇ ಮಾತು, ಬೇಡ.

ಇನ್ನು ಒತ್ತಡ ಕಲಿಸುವ ಮೆಷಿನ್ ವಿಷಯ. ಮೊದಲು ಡಿಜಿಟಲ್ ತಂದೆ, ಸಾವಿರದ ಚಿಲ್ಲರೆ. ಸುಮ್ನೆ ದಂಡ. ಅದು ಒಂದು ನಂಬರ್ ತೋರಿಸಿ ಲಾಕ್ ಆಗುತ್ತದೆ, ಆಮೇಲೆ ನೀವು ಒತ್ತಿದರೂ ಬಿಟ್ಟರೂ ಅದಕ್ಕೆ ಗೊತ್ತಾಗುವುದಿಲ್ಲ. ಕೊನೆಗೆ ಬಂದರಿನ ಗುಜರಿಯಲ್ಲಿ ಮುಳ್ಳು ತಿರುಗುವ ಹಳೇ ಸ್ಪ್ರಿಂಗ್ ಮೆಷಿನ್ ಸಿಕ್ಕಿತು, ಮುನ್ನೂರಕ್ಕೆ. ಅದರ ಮೇಲೆ ಮಡಚಿದ ಟವೆಲ್ ಇಟ್ಟು, ಮೊಣಕಾಲೂರಿ, ಹೆಬ್ಬೆರಳಿನಿಂದ ಎಂಟು ಕೆಜಿಗೆ ಒತ್ತಿ ಐದಾರು ಸೆಕೆಂಡ್ ಹಿಡಿಯಬೇಕು. ಇಷ್ಟೇ ಪಾಠ.

ತೋಳಿನ ಬಲದಲ್ಲಿ ಒತ್ತಿದರೆ ಮುಳ್ಳು ಏಳು, ಎಂಟೂವರೆ, ಮತ್ತೆ ಏಳು ಅಂತ ನಡುಗುತ್ತದೆ. ಭುಜ ಬಿಟ್ಟು, ಕೈ ನೇರ ಇಟ್ಟು, ಸೊಂಟದಿಂದ ವಾಲಿದರೆ ಎಂಟಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ. ಹತ್ತು ವರ್ಷ ಅನುಭವ ಇದ್ದ ಒಬ್ಬರ ಮುಳ್ಳು ಮೊದಲ ದಿನ ಹುಚ್ಚು ಹಿಡಿದಂತೆ ಕುಣಿಯಿತು. ಅವರ ಮುಖ ಕೆಂಪಾಯಿತು. "ಅಕ್ಕ, ನಿಮ್ಮ ಮೆಷಿನ್ ಸರಿ ಇಲ್ಲ" ಅಂದರು. ನಾನು ಒತ್ತಿ ತೋರಿಸಿದೆ, ನಿಂತಿತು. ಇಷ್ಟು ಜಂಬ ನನಗೆ ಇರಲಿ, ಅಲ್ವಾ? ನಾಲ್ಕನೇ ವಾರಕ್ಕೆ ಕಣ್ಣಿಗೆ ಬಟ್ಟೆ ಕಟ್ಟಿಸಿ, ಮೂರು ಕೆಜಿ, ಐದು, ಎಂಟು ಅಂತ ನಾನು ಹೇಳಿದ ಹಾಗೆ ಒತ್ತಿಸಿದೆ. ಹೆಚ್ಚಿನವರು ಅರ್ಧ ಕೆಜಿಯೊಳಗೆ ಬಂದರು.

ನಡುವೆ ಒಂದು ಪ್ರಯೋಗ. ಮನುಷ್ಯನ ಬೆನ್ನಿನ ಹಾಗೆ ಸ್ವಲ್ಪ ತಗ್ಗಲಿ ಅಂತ ಟವೆಲ್ ಬದಲು ಇಪ್ಪತ್ತೈದು ಕೆಜಿಯ ಕುಚ್ಚಲಕ್ಕಿ ಚೀಲವನ್ನೇ ಮೆಷಿನ್ ಮೇಲೆ ಇಟ್ಟೆವು. ಮೊಣಕೈಗೆ ಚೆನ್ನಾಗಿತ್ತು. ಮೊಣಕಾಲು ಇಟ್ಟಾಗ ಅಕ್ಕಿ ಒಂದು ಬದಿಗೆ ಜಾರಿ, ಚೀಲ ಮಗುಚಿ, ಮೆಷಿನ್‌ನ ಸ್ಪ್ರಿಂಗ್ ಹೋಯಿತು. ರಿಪೇರಿಗೆ ಇನ್ನೂರು. ಅಕ್ಕಿ ಊಟಕ್ಕಾಯಿತು.

ಮಳೆಗಾಲ ಯಾಕೆ ಅಂತ ಹೇಳಬೇಕು. ಕಲಿಯುವವರು ಒಬ್ಬರ ಮೇಲೊಬ್ಬರು ಒತ್ತಿಕೊಂಡರೆ ಏನೂ ಪ್ರಯೋಜನವಿಲ್ಲ, ಎಲ್ಲರೂ ಮರ್ಯಾದೆಗೆ "ಹಾಯಾಗಿದೆ" ಅನ್ನುತ್ತಾರೆ. ದುಡಿದ ಮೈ ಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟ್‌ಗಳೆಲ್ಲ ದಕ್ಕೆಯಲ್ಲಿ. ಮೇ ಕೊನೆಯ ಪತ್ತನಾಜೆ (ತುಳುನಾಡಿನಲ್ಲಿ ಆಟ-ಕೋಲಗಳ ಋತು ಮುಗಿಯುವ ದಿನ) ಕಳೆದರೆ ಯಕ್ಷಗಾನ ಮೇಳಗಳ ತಿರುಗಾಟವೂ ಮುಗಿಯಿತು. ಬಲೆ ಎಳೆದ ಭುಜ, ರಾತ್ರಿಯಿಡೀ ಕುಣಿದ ಮಂಡಿ, ಎರಡೂ ಬಿಡುವಾಗಿ ಸಿಗುವುದು ಇದೇ ಎರಡು ತಿಂಗಳು. ಫ್ರೀ ಅಂತ ಹೇಳಿ ಕರೆದೆ, ಆಟೋ ಬಾಡಿಗೆ, ಚಾ, ಬನ್ಸ್ ನನ್ನದು. ಎಣ್ಣೆ ಇಲ್ಲ, ಬಟ್ಟೆ ಬಿಚ್ಚಬೇಕಾಗಿಲ್ಲ ಅಂತ ಗೊತ್ತಾದ ಮೇಲೆ ಅವರ ಮನೆಯ ಹೆಂಗಸರೂ ಬಂದರು. ಬೀಡಿ ಕಟ್ಟುವವರ ಕುತ್ತಿಗೆ ಮುಟ್ಟಿ ನೋಡಿದರೆ ಗೊತ್ತಾಗುತ್ತದೆ, ಪುಸ್ತಕದ ಚಿತ್ರ ಬೇಡ.

ಮೀನುಗಾರರ ಭುಜದ ಮೇಲೆ ಹೆಬ್ಬೆರಳಿನ ಬಲ ಹತ್ತು ನಿಮಿಷ ಬಾಳುವುದಿಲ್ಲ. ಆಗ ತಾನಾಗಿ ಮೊಣಕೈ ಬರುತ್ತದೆ, ಸೊಂಟ ವಾಲುತ್ತದೆ. ಮುಳ್ಳಿನಲ್ಲಿ ಕಲಿತದ್ದು ಅಲ್ಲಿ ಕುದುರಿತು. ಅಗಲ ಭುಜಕ್ಕೆ ಮೊಣಕೈ ಇಡುವಾಗ ನನ್ನ ಇನ್ನೊಂದು ಮೊಣಕಾಲು ಎಲ್ಲಿರುತ್ತದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ದುಡ್ಡು ಕೊಟ್ಟು ಕಲಿತವರು ಬೈಯುತ್ತಾರೆ.

ಹರಾ, ಅಂದರೆ ಹೊಟ್ಟೆ ನೋಡುವುದರಲ್ಲೂ ಒಂದು ಪರೀಕ್ಷೆ ಮಾಡಿದೆವು. ಒಬ್ಬರೇ ಕ್ಲೈಂಟ್, ಇಬ್ಬರು ಬೇರೆ ಬೇರೆಯಾಗಿ ಹೊಟ್ಟೆ ಮುಟ್ಟಿ ನೋಡಿ, ಯಾವ ಮೆರಿಡಿಯನ್ ಹೆಚ್ಚು ಕ್ಯೋ (ಬಲ ಕುಂದಿದ್ದು, ಬರಿದು) ಅಂತ ಚೀಟಿಯಲ್ಲಿ ಬರೆಯುವುದು. ಮೆರಿಡಿಯನ್ ಹನ್ನೆರಡು. ಕಣ್ಣುಮುಚ್ಚಿ ಬರೆದರೂ ಹನ್ನೆರಡಕ್ಕೊಂದು ಹೊಂದಬೇಕು. ಶುರುವಿನಲ್ಲಿ ಹತ್ತು ಚೀಟಿಗೆ ಒಂದು ಹೊಂದುತ್ತಿತ್ತು. ಅಂದರೆ ಕಣ್ಣುಮುಚ್ಚಿದಷ್ಟೇ! ಚೀಟಿ ಬಿಟ್ಟು ಬಾಯಲ್ಲಿ ಹೇಳಿಸಿದರೆ ಹತ್ತಕ್ಕೆ ಎಂಟು ಹೊಂದುತ್ತಿತ್ತು, ಯಾಕೆಂದರೆ ಕಿರಿಯರು ಹಿರಿಯರ ಮುಖ ನೋಡಿ ಹೇಳುತ್ತಾರೆ. ಕೊನೆಗೆ ಚೀಟಿಯಲ್ಲೇ ಹತ್ತಕ್ಕೆ ನಾಲ್ಕರ ಹತ್ತಿರ ಬಂತು. ಇದರಿಂದ ಮೆರಿಡಿಯನ್ ಇದೆ ಅಂತ ಸಾಬೀತಾಯಿತು ಅಂತ ನಾನು ಹೇಳುವುದಿಲ್ಲ. ಇಬ್ಬರ ಕೈ ಒಂದೇ ರೀತಿ ಮುಟ್ಟಲು ಕಲಿತವು, ಅಷ್ಟೇ. ಮೆರಿಡಿಯನ್ ಬಳಸದ ನಮಿಕೋಶಿ ಶೈಲಿಯಲ್ಲಿ ಕಲಿತ ಇಬ್ಬರು ಮೆರಿಡಿಯನ್ನೇ ಬೇಡ ಅಂತ ಕೊನೆಯವರೆಗೂ ವಾದ ಮಾಡಿದರು. ಮಾಡಲಿ, ಅವರ ಮುಳ್ಳು ಎಲ್ಲರಿಗಿಂತ ಗಟ್ಟಿ ನಿಲ್ಲುತ್ತಿತ್ತು.

ಒಂದು ಸಂಜೆ ಪೂರ್ತಿ ಯಾರನ್ನು ಒತ್ತಬಾರದು ಅನ್ನುವುದಕ್ಕೇ ಇಟ್ಟಿದ್ದೆ. ಬಸುರಿಯರಿಗೆ ಕೈಯ ಗೊಕೊಕು, ಕಾಲಿನ ಸಾನಿಂಕೊ, ಭುಜದ ಮೇಲಿನ ಕೆನ್‌ಸೆಯಿ ಪಾಯಿಂಟ್ ಮುಟ್ಟಬಾರದು ಅಂತ ನಮ್ಮ ಲೈನಿನ ಎಲ್ಲರಿಗೂ ಗೊತ್ತು, ಅದನ್ನು ಬಿಡಿ. ಅದೇ ವಾರ ಗಲ್ಫ್‌ನಿಂದ ಬಂದ ಒಬ್ಬರು ಮೀನಖಂಡ ನೋವು ಅಂತ ಬಂದರು. ಒಂದೇ ಕಾಲು ಊದಿತ್ತು, ಮುಟ್ಟಿದರೆ ಬಿಸಿ. ನಮ್ಮ ಹುಡುಗಿ ಅವರನ್ನು ಮಲಗಿಸಲೇ ಇಲ್ಲ, ಸೀದಾ ಡಾಕ್ಟರ ಹತ್ತಿರ ಕಳಿಸಿದಳು. ರಕ್ತ ಹೆಪ್ಪುಗಟ್ಟಿತ್ತು. ಅಲ್ಲಿ ಒತ್ತಿದ್ದರೆ ಆ ಹೆಪ್ಪು ಕದಲಿ ಶ್ವಾಸಕೋಶಕ್ಕೆ ಹೋಗಬಹುದಿತ್ತು.

ಲೆಕ್ಕ ಹೇಳುತ್ತೇನೆ, ನೆನಪಿದ್ದಷ್ಟು. ಈ ಸಲ ಫೀಸ್ ಒಂಬತ್ತು ಸಾವಿರ, ವಾಪಸ್ ಇಲ್ಲ. ಆರು ಜನರಿಂದ ಐವತ್ನಾಲ್ಕು. ಹಾಲ್‌ಗೆ ಹದಿನಾಲ್ಕು, ಆಟೋ ಮತ್ತು ಚಾ-ತಿಂಡಿಗೆ ಎಂಟು, ಮೆಷಿನ್, ಕಂಬಳಿ, ಹಾಸಿಗೆ ಎಲ್ಲ ಸೇರಿ ನಾಲ್ಕೈದು. ಇಪ್ಪತ್ತೈದರ ಮೇಲೆ ಉಳಿಯಿತು. ಉಡುಪಿಯ ಆ ಹಿರಿಯರು ಮೊನ್ನೆ ತಮ್ಮ ಇಬ್ಬರು ಹುಡುಗರಿಗೆ ಮುಂದಿನ ಜೂನ್‌ಗೆ ಸೀಟ್ ಉಂಟಾ ಅಂತ ಕೇಳಿದರು. ಉಂಟು ಅಂದೆ, ಫೀಸ್ ಹನ್ನೊಂದು ಸಾವಿರ ಅಂತಲೂ ಹೇಳಿದೆ.