ನಾಲ್ಕಡಿ ಬಚ್ಚಲಿಗೊಂದು ಪರದೆಯ ಟ್ರ್ಯಾಕ್

ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ರಸ್ತೆಯಿಂದ ತುಸು ಒಳಗಿರುವ ನಮ್ಮ ತೋಟದ ಮನೆಯಲ್ಲಿ ಎರಡು ಕೋಣೆಗಳನ್ನು ಹೋಂಸ್ಟೇಗೆ ಬಿಟ್ಟುಕೊಟ್ಟಾಗ ಪ್ರತಿ ಕೋಣೆಗೂ ಒಂದೊಂದು ಬಚ್ಚಲನ್ನು ಹೊಂದಿಸಬೇಕಾಯಿತು. ಹಿತ್ತಲಲ್ಲಿ ಹಂಡೆ ಒಲೆಯ ಬಚ್ಚಲುಮನೆ ಇದ್ದ ಕಾಲದಲ್ಲಿ ನೀರು ಎಲ್ಲಿ ಚೆಲ್ಲಿದರೂ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಈಗ 4 ಅಡಿ ಅಗಲ, 6.5 ಅಡಿ ಉದ್ದದ ಜಾಗದಲ್ಲಿ ಕಮೋಡ್, ವಾಶ್‌ಬೇಸಿನ್ ಮತ್ತು ಷವರ್ ಮೂರೂ ಕೂರಬೇಕು. ಒಬ್ಬರು ಸ್ನಾನ ಮುಗಿಸಿ ಬಂದರೆ ಕಮೋಡಿನ ಮುಚ್ಚಳದಿಂದ ಬಾಗಿಲ ಹೊರಗಿನ ಕಾಲೊರಸಿನವರೆಗೆ ಎಲ್ಲವೂ ಒದ್ದೆಯಾಗಿರುತ್ತಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಒಮ್ಮೆ ಒದ್ದೆಯಾದ ನೆಲ ಮರುದಿನಕ್ಕೂ ಆರುವುದಿಲ್ಲ ಎಂಬುದನ್ನು ಕೊಡಗಿನವರಿಗೆ ಹೇಳಬೇಕಾಗಿಲ್ಲ.

ಗಾಜಿನ ತಡೆ ಹಾಕಿಸಿ ಎಂದು ಹಲವರು ಸಲಹೆ ಕೊಟ್ಟರು. ನಾಲ್ಕಡಿ ಅಗಲದಲ್ಲಿ ಗಾಜು ನಿಂತರೆ ಮೊಣಕೈ ಆಡಿಸಲೂ ಜಾಗ ಉಳಿಯುವುದಿಲ್ಲ ಎಂಬುದು ಒಂದು ಕಾರಣವಾದರೆ, ಸೊಂಟದ ಮೂಳೆ ಮುರಿದ ಮೇಲೆ ಸ್ಟೂಲಿನ ಮೇಲೆ ಕುಳಿತು ಸ್ನಾನ ಮಾಡುವ ನಮ್ಮ ತಾಯಿಯವರು ಅತಿಥಿಗಳಿಲ್ಲದ ದಿನಗಳಲ್ಲಿ ಕೆಳಗಿನ ಕೋಣೆಯ ಬಚ್ಚಲನ್ನೇ ಬಳಸುತ್ತಾರೆ ಎಂಬುದು ಅದಕ್ಕಿಂತ ದೊಡ್ಡ ಕಾರಣವಾಗಿತ್ತು. ಬೆನ್ನು ಉಜ್ಜಲು, ಕೈಹಿಡಿದು ಎಬ್ಬಿಸಲು ಇನ್ನೊಬ್ಬರು ಪಕ್ಕದಲ್ಲಿ ನಿಲ್ಲಬೇಕು. ಪರದೆಯಾದರೆ ಸರಿಸಿದರೆ ಮುಗಿಯಿತು. ಗಾಜು ಸರಿದು ಜಾಗ ಕೊಡುವುದಿಲ್ಲ.

ಪರದೆ ಎಂದು ತೀರ್ಮಾನಿಸಿದ ಮೇಲೆ ಎಲ್ಲರಂತೆ ನಾನೂ ಮೊದಲು ತಂದದ್ದು ಒಳಗೆ ಸ್ಪ್ರಿಂಗ್ ಇರುವ, ಎರಡು ಗೋಡೆಗಳ ನಡುವೆ ಒತ್ತಿ ನಿಲ್ಲಿಸುವ ರಾಡನ್ನು. ಡ್ರಿಲ್ ಬೇಡ, ಮೊಳೆ ಬೇಡ, ಎರಡು ನಿಮಿಷದ ಕೆಲಸ. ಆದರೆ ಆ ರಾಡಿನ ಹಿಡಿತವೆಲ್ಲ ತುದಿಯ ರಬ್ಬರ್ ಮತ್ತು ಗೋಡೆಯ ನಡುವಿನ ಘರ್ಷಣೆಯಲ್ಲಿದೆ. ನುಣುಪಾದ ಟೈಲಿನ ಮೇಲೆ ಬಿಸಿನೀರಿನ ಹಬೆಯೂ ಸೋಪಿನ ಪಸೆಯೂ ಸೇರಿದರೆ ಆ ಘರ್ಷಣೆ ಎಷ್ಟು ಉಳಿದೀತು? ಅದರ ಮೇಲೆ ನಮ್ಮ ಮೇಲಿನ ಬಚ್ಚಲಿನ ಒಂದು ಬದಿ ಇಟ್ಟಿಗೆಯ ಗೋಡೆಯಾದರೆ ಇನ್ನೊಂದು ಬದಿ ಸಿಮೆಂಟ್ ಬೋರ್ಡಿನ ಅಡ್ಡಗೋಡೆ. ರಾಡನ್ನು ಬಿಗಿ ಮಾಡಿದಷ್ಟೂ ಬೋರ್ಡು ಹಿಂದಕ್ಕೆ ಬಾಗುತ್ತಿತ್ತು. ಜುಲೈ ತಿಂಗಳ ಒಂದು ರಾತ್ರಿ ರಾಡು ಪರದೆಯ ಸಮೇತ ಕೆಳಗೆ ಬಿತ್ತು. ಯಾರ ತಲೆಯ ಮೇಲೂ ಬೀಳಲಿಲ್ಲ ಎಂಬುದೊಂದೇ ಸಮಾಧಾನ. ಸ್ಟೇನ್‌ಲೆಸ್ ಎಂದು ಕೊಟ್ಟಿದ್ದ ಆ ರಾಡು ಒಂದೇ ಮಳೆಗಾಲದಲ್ಲಿ ಟೈಲಿನ ಮೇಲೆ ಕಂದುಬಣ್ಣದ ಉಂಗುರವನ್ನೂ ಬಿಟ್ಟು ಹೋಗಿತ್ತು.

ಎರಡನೆಯ ಪ್ರಯತ್ನದಲ್ಲಿ ಬುದ್ಧಿ ಕಲಿತೆನೆಂದುಕೊಂಡು ಸೂರಿಗೆ ಕೂರಿಸುವ, ಪರದೆ ತನ್ನ ಸೀಳಿನಲ್ಲಿ ಸರಿದಾಡುವ ಅಲ್ಯೂಮಿನಿಯಂ ಟ್ರ್ಯಾಕ್ ತಂದೆ. ಹೆಂಚಿನ ಮಾಡಿನ ಕೆಳಗೆ ಏಳೂಕಾಲು ಅಡಿ ಎತ್ತರದಲ್ಲಿ ಪಿವಿಸಿ ಹಲಗೆಗಳ ಫಾಲ್ಸ್ ಸೀಲಿಂಗ್ ಇತ್ತು. ಅದಕ್ಕೇ ಸೆಲ್ಫ್ ಟ್ಯಾಪಿಂಗ್ ಸ್ಕ್ರೂಗಳಿಂದ ಟ್ರ್ಯಾಕ್ ಬಿಗಿದೆ. ಆ ಹಲಗೆಗಳು ಒಳಗೆ ಪೊಳ್ಳು ಎಂಬುದು ತಿಳಿದಿದ್ದರೂ ಪರದೆಯ ತೂಕ ಎಷ್ಟಿದ್ದೀತು ಎಂದು ಉದಾಸೀನ ಮಾಡಿದ್ದೆ. ಒಣಗಿದ ಪರದೆಯ ತೂಕ ನಿಜಕ್ಕೂ ಕಡಿಮೆಯೇ. ಆದರೆ ಒದ್ದೆಯಾದ ಪರದೆಯ ತೂಕ ಬೇರೆ, ಸೋಪು ಕಣ್ಣಿಗೆ ಹೋದಾಗ ಮನುಷ್ಯ ಅದನ್ನು ಹಿಡಿದು ಎಳೆಯುವ ಬಲ ಬೇರೆ, ಕಾಲು ಜಾರಿದವರು ಆಸರೆಗೆಂದು ಅದಕ್ಕೇ ಕೈಹಾಕಿದಾಗ ಬೀಳುವ ಭಾರ ಮತ್ತೂ ಬೇರೆ. ಪರದೆ ಆಸರೆಯಲ್ಲ, ಆಸರೆಗೆ ಗೋಡೆಗೆ ಬೇರೆಯೇ ಹಿಡಿಕೆ ಇರಬೇಕು. ಆದರೂ ಕೈ ಮೊದಲು ಹೋಗುವುದು ಪರದೆಗೇ. ಮೂರನೆಯ ವಾರದಲ್ಲಿ ಸ್ಕ್ರೂಗಳು ಒಂದೊಂದಾಗಿ ಹಲಗೆಯನ್ನು ಹರಿದುಕೊಂಡು ಹೊರಬಂದವು. ಎಂಥ ಟ್ರ್ಯಾಕ್ ತರಬೇಕು ಎಂದು ಅಂಗಡಿಯಲ್ಲಿ ಯೋಚಿಸುವುದಕ್ಕಿಂತ ಮೊದಲು, ಸ್ಕ್ರೂ ಹೋಗಿ ಕಚ್ಚುವ ಜಾಗದಲ್ಲಿ ಏನಿದೆ ಎಂದು ಮನೆಯಲ್ಲಿ ನೋಡಬೇಕಿತ್ತು.

ಸರಿಪಡಿಸಿದ್ದು ಹೀಗೆ. ಷವರಿನ ಗೆರೆಯ ಮೇಲಿದ್ದ ಎರಡು ಪಿವಿಸಿ ಹಲಗೆಗಳನ್ನು ಬಿಚ್ಚಿ, ಅವುಗಳ ಮೇಲೆ ಅಡ್ಡಲಾಗಿ 2 ಅಂಗುಲಕ್ಕೆ 1 ಅಂಗುಲದ ಅಲ್ಯೂಮಿನಿಯಂ ಬಾಕ್ಸ್ ಪೈಪನ್ನು ಕೂರಿಸಿದೆ. ಅದರ ಒಂದು ತುದಿಯನ್ನು ಎಲ್ ಕ್ಲಾಂಪಿನಿಂದ ಇಟ್ಟಿಗೆ ಗೋಡೆಗೂ ಇನ್ನೊಂದನ್ನು ಅಡ್ಡಗೋಡೆಯ ಒಳಚೌಕಟ್ಟಿನ ಕಂಬಕ್ಕೂ ಬಿಗಿದು, ನಡುವಿನಲ್ಲಿ ಮಾಡಿನ ಪಕಾಸಿನಿಂದ ಉದ್ದಕ್ಕೂ ತಿರುಪಿನ ಸುತ್ತುಗಳುಳ್ಳ ರಾಡೊಂದನ್ನು ಇಳಿಸಿ ಕಟ್ಟಿದೆ. ಆಮೇಲೆ ಹಲಗೆಗಳನ್ನು ಮೊದಲಿನಂತೆ ಮುಚ್ಚಿ, ಕೆಳಗಿನಿಂದ ಟ್ರ್ಯಾಕಿನ ಸ್ಕ್ರೂ ಹಲಗೆಯನ್ನು ದಾಟಿ ಬಾಕ್ಸ್ ಪೈಪಿಗೆ ಕಚ್ಚುವಂತೆ ಮಾಡಿದೆ. ಮೇಲೆ ಮರದ ಪಟ್ಟಿ ಹಾಕಿದರೆ ಸಾಲದೆ ಎಂದು ಬಡಗಿ ಕೇಳಿದರು. ಹಬೆ ತಾಗುವ ಜಾಗದಲ್ಲಿ ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಕುಗ್ಗುವ ಮರದಲ್ಲಿ ಸ್ಕ್ರೂ ಸಡಿಲವಾಗುತ್ತದೆ ಎಂಬ ಕಾರಣಕ್ಕೆ ನಾನು ಒಪ್ಪಲಿಲ್ಲ. ಎರಡು ಕಡೆಯೂ ಗಟ್ಟಿ ಗೋಡೆಯಿದ್ದು, ನೇರವಾದ ನಾಲ್ಕಡಿ ಮಾತ್ರ ದಾಟಬೇಕಿದ್ದರೆ ಇಷ್ಟೆಲ್ಲ ಬೇಕಾಗಿಯೇ ಇರಲಿಲ್ಲ ಎಂಬುದನ್ನೂ ಹೇಳಬೇಕು: ತುದಿಗೆ ಫ್ಲ್ಯಾಂಜ್ ಎಂಬ ಅಗಲ ಬಿಲ್ಲೆ ಇಟ್ಟು ಗೋಡೆಗೆ ಬಿಗಿದ 304 ದರ್ಜೆಯ ಸ್ಟೇನ್‌ಲೆಸ್ ಪೈಪ್ ಯಾವ ಟ್ರ್ಯಾಕಿಗೂ ಕಡಿಮೆಯಿಲ್ಲ. ಅಗ್ಗದ 202 ದರ್ಜೆಯಲ್ಲಿ ನಿಕ್ಕಲ್ ಕಡಿಮೆ, ತೇವದಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಅಂಗಡಿಯಲ್ಲಿ ಎರಡೂ ಒಂದೇ ಹೊಳಪಿನಲ್ಲಿರುವುದರಿಂದ ದರ್ಜೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.

ಟ್ರ್ಯಾಕ್ ನಿಜವಾಗಿ ಬೇಕಾಗುವುದು ತಿರುವು ಇರುವಲ್ಲಿ. ನಮ್ಮ ಕೆಳಗಿನ ಬಚ್ಚಲಿನಲ್ಲಿ ಬಾಗಿಲು ಷವರಿನ ಪಕ್ಕದಲ್ಲೇ ಇರುವುದರಿಂದ ಪರದೆ ಒಂದು ಬದಿಯಲ್ಲಿ 3 ಅಡಿ, ಇನ್ನೊಂದು ಬದಿಯಲ್ಲಿ 2.5 ಅಡಿ ಓಡಿ ಮೂಲೆಯನ್ನು ಸುತ್ತಬೇಕಿತ್ತು. ಪೈಪನ್ನು ಬಾಗಿಸಿ ಹಾಕಬಹುದಾದರೂ, ಮೂಲೆಯ ಬಳಿ ಮೇಲಿನಿಂದ ಹಿಡಿದ ಆಧಾರಕ್ಕೆ ಉಂಗುರಗಳು ತಗುಲಿ ಅಲ್ಲಿಯೇ ನಿಂತುಬಿಡುತ್ತವೆ. ಟ್ರ್ಯಾಕಿನಲ್ಲಿ ಪರದೆಯನ್ನು ಹಿಡಿದು ಸರಿಯುವ ಪುಟ್ಟ ರನ್ನರ್‌ಗಳು ಒಳಗೆ ಓಡುವುದರಿಂದ ಮೇಲೆ ಎಷ್ಟು ಕಡೆ ಬಿಗಿದರೂ ಅಡ್ಡಿಯಿಲ್ಲ. ಮಡಿಕೇರಿಯಲ್ಲಿ ಕಿಟಕಿ ಪರದೆಯ ಟ್ರ್ಯಾಕ್ ಸಿಕ್ಕಿತೇ ವಿನಾ ನನಗೆ ಬೇಕಾದದ್ದು ಸಿಗಲಿಲ್ಲ. 120 ಕಿಲೋಮೀಟರ್ ದೂರದ ಮೈಸೂರಿಗೆ ಹೋಗಿ, ಆಸ್ಪತ್ರೆಯ ವಾರ್ಡುಗಳಿಗೆ ಪರದೆ ಪೂರೈಸುವ ಅಂಗಡಿಯಿಂದ, ಕೈಯಿಂದಲೇ ಬಾಗಿಸಬಹುದಾದ ಆನೊಡೈಸ್ ಮಾಡಿದ (ಮೇಲ್ಮೈಗೆ ರಕ್ಷಣೆಯ ಪದರ ಕೊಟ್ಟ) ಅಲ್ಯೂಮಿನಿಯಂ ಟ್ರ್ಯಾಕನ್ನು ತಂದೆ. ಕಿಟಕಿಯ ಟ್ರ್ಯಾಕುಗಳ ರನ್ನರಿನಲ್ಲಿ ಕೆಲವೊಮ್ಮೆ ಕಬ್ಬಿಣದ ಅಚ್ಚು ಇರುತ್ತದೆ. ಬಚ್ಚಲಿಗೆ ಪೂರ್ತಿ ನೈಲಾನಿನದೇ ಆಗಬೇಕು. ಜೊತೆಗೆ ತುದಿಯಲ್ಲಿ ತೆರೆದು ಮುಚ್ಚುವ ಸಣ್ಣ ಬಾಗಿಲಿದ್ದರೆ ರನ್ನರ್‌ಗಳನ್ನು ಒಮ್ಮೆಗೇ ಹೊರತೆಗೆದು ಪರದೆಯನ್ನು ಒಗೆಯಲು ಹಾಕಬಹುದು.

ಬಾಗಿಸುವಾಗ ಒಂದು ತುಂಡು ಹಾಳಾಯಿತು. ಜಾಗ ಉಳಿಸುವ ಆಸೆಯಿಂದ 4 ಅಂಗುಲದ ತ್ರಿಜ್ಯಕ್ಕೆ ಎಳೆದೆ. ಒಳಬದಿ ಮುದುಡಿ ಟ್ರ್ಯಾಕಿನ ಸೀಳು ಕಿರಿದಾಗಿ ರನ್ನರ್ ಅಲ್ಲಿ ಸಿಕ್ಕಿಕೊಂಡಿತು. ಮತ್ತೆ 8 ಅಂಗುಲ ತ್ರಿಜ್ಯದ ಪ್ಲೈವುಡ್ ಅಚ್ಚೊಂದನ್ನು ಕತ್ತರಿಸಿಕೊಂಡು, ಅದರ ಸುತ್ತ ಸ್ವಲ್ಪ ಸ್ವಲ್ಪವಾಗಿ ಒತ್ತುತ್ತ ಬಾಗಿಸಿದಾಗ ನೇರ್ಪಾಯಿತು. ತುದಿಗಳನ್ನು ಹ್ಯಾಕ್ಸಾದಿಂದ ಕತ್ತರಿಸಿದ್ದು ಬಾಗಿಸಿದ ನಂತರವೇ, ಏಕೆಂದರೆ ತಿರುವು ಎಷ್ಟು ಉದ್ದವನ್ನು ನುಂಗುತ್ತದೆ ಎಂಬುದು ಮೊದಲೇ ಕರಾರುವಾಕ್ಕಾಗಿ ತಿಳಿಯುವುದಿಲ್ಲ. ಕತ್ತರಿಸಿದ ಅಂಚನ್ನು ಅರದಿಂದ ಉಜ್ಜದೆ ಬಿಟ್ಟರೆ ಪ್ರತಿ ರನ್ನರೂ ಅಲ್ಲಿ ಗೀರಿಕೊಳ್ಳುತ್ತದೆ.

ಈ ಬಚ್ಚಲಿನ ಮೇಲೆ 7 ಅಡಿ ಎತ್ತರದಲ್ಲಿ ಸಾಮಾನಿಡುವ ಕಾಂಕ್ರೀಟ್ ಅಟ್ಟವಿರುವುದು ಅನುಕೂಲವಾಯಿತು. ರಟ್ಟಿನ ಮೇಲೆ ಟ್ರ್ಯಾಕಿನ ಆಕಾರವನ್ನು ಬರೆದು ಕತ್ತರಿಸಿ, ಅದನ್ನು ಸೂರಿಗೆ ಟೇಪಿನಿಂದ ಅಂಟಿಸಿ, ಬಾಗಿಲು ತೆರೆದು ಮುಚ್ಚಿ, ಷವರಿನ ಕೆಳಗೆ ನಿಂತು ಕೈಚಾಚಿ ನೋಡಿದ ಮೇಲೆಯೇ ತೂತುಗಳ ಗುರುತು ಹಾಕಿದೆ. ಪರದೆಯನ್ನು ಪೂರ್ತಿ ಸರಿಸಿದಾಗ ಅದು ಒಟ್ಟಾಗಿ ನಿಲ್ಲಲು ಅಂಗೈಯಗಲದ ಜಾಗ ಬೇಕು. ಆ ಜಾಗ ಬಾಗಿಲ ಬದಿಗೆ ಬರದಂತೆ, ಒಳಗಿನ ಗೋಡೆಯ ಬದಿಗೆ ಬರುವಂತೆ ನೋಡಿಕೊಂಡೆ. ಗೀಸರಿಗೆ ಹೋಗುವ ವೈರು ಆ ಅಟ್ಟದೊಳಗೇ ಹಾದುಹೋಗಿದ್ದರಿಂದ ಆ ಸಾಲಿನ ಕರೆಂಟ್ ಕಡಿಯುವ ಸ್ವಿಚ್ಚಾದ ಎಂಸಿಬಿಯನ್ನು ಇಳಿಸಿ, ಹೊರಗಿನ ಬೇರೆ ಪಾಯಿಂಟಿನಿಂದ ಡ್ರಿಲ್ಲಿಗೆ ಕರೆಂಟ್ ತೆಗೆದುಕೊಂಡೆ. ನೇರ ಭಾಗದಲ್ಲಿ 16 ಅಂಗುಲಕ್ಕೊಂದರಂತೆ, ತಿರುವಿನ ಎರಡೂ ಮಗ್ಗುಲಲ್ಲಿ 3 ಅಂಗುಲದೊಳಗೆ ಒಂದೊಂದು ಕ್ಲಾಂಪ್. ತಿರುವಿನಲ್ಲಿ ಪರದೆ ಪಕ್ಕಕ್ಕೆ ಎಳೆಯುವುದರಿಂದ ಅಲ್ಲಿ ಕ್ಲಾಂಪಿಗೆ ಜಿಪುಣತನ ಮಾಡಬಾರದು. ತಲೆಯ ಮೇಲೆ ಕೊರೆಯುವಾಗ ಪುಡಿ ಕಣ್ಣಿಗೆ ಬೀಳದಂತೆ ಪ್ಲಾಸ್ಟಿಕ್ ಲೋಟದ ತಳಕ್ಕೆ ತೂತು ಮಾಡಿ ಡ್ರಿಲ್ ಬಿಟ್ಟಿಗೆ ಏರಿಸಿದ್ದೆ, ಕನ್ನಡಕವನ್ನೂ ಹಾಕಿದ್ದೆ. ನಾಲ್ಕನೆಯ ತೂತಿನಲ್ಲಿ ಡ್ರಿಲ್ ಬಿಟ್ ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳಿಗೆ ತಾಗಿ ನಿಂತಿತು. ಅಲ್ಲಿ ಬಲ ಪ್ರಯೋಗಿಸದೆ ಒಂದು ಅಂಗುಲ ಸರಿಸಿ ಬೇರೆ ತೂತು ಮಾಡಿ, ಹಳೆಯದನ್ನು ಸಿಮೆಂಟಿನಿಂದ ಮುಚ್ಚಿದೆ. ತೆರೆದು ಬಿಟ್ಟರೆ ಸರಳಿಗೆ ತೇವ ಹೋಗುತ್ತದೆ. ಬಳಸಿದ್ದು ತೂತಿನಲ್ಲಿ ಹಿಗ್ಗಿ ಸ್ಕ್ರೂವನ್ನು ಹಿಡಿಯುವ 6 ಮಿಲಿಮೀಟರ್ ನೈಲಾನ್ ರಾವಲ್ ಪ್ಲಗ್, ಸ್ಟೇನ್‌ಲೆಸ್ ಸ್ಕ್ರೂ. ಟ್ರ್ಯಾಕಿನ ಜೊತೆ ಕೊಟ್ಟಿದ್ದ ಹಳದಿ ಲೇಪದ ಸ್ಕ್ರೂಗಳನ್ನು ಡಬ್ಬಿಗೆ ಹಾಕಿದೆ.

ಟೈಲಿನ ಗೋಡೆಗೆ ಕೊರೆಯಬೇಕಾದವರಿಗೆ ಇಷ್ಟು ಮಾತು: ಮೊದಲು ಟೇಪು ಅಂಟಿಸಿ, ಡ್ರಿಲ್ಲಿನ ಹ್ಯಾಮರ್ (ಬಡಿತ) ಆಫ್ ಇಟ್ಟು, ಟೈಲ್ ಬಿಟ್ಟಿನಿಂದ ಟೈಲನ್ನು ದಾಟಬೇಕು, ಆಮೇಲೆಯೇ ಹ್ಯಾಮರ್. ಪ್ಲಗ್ ಟೈಲಿನ ಹಿಂದಕ್ಕೆ ಹೋಗಿ ಗೋಡೆಯಲ್ಲಿ ಕೂರಬೇಕು, ಟೈಲಿನ ದಪ್ಪದಲ್ಲೇ ಹಿಗ್ಗಿದರೆ ಬಿರುಕು ಖಂಡಿತ.

ಅಂಗಡಿಯ ಸಿದ್ಧ ಪರದೆಗಳು ಸಾಮಾನ್ಯವಾಗಿ 180 ಅಥವಾ 200 ಸೆಂಟಿಮೀಟರ್ ಉದ್ದ. 213 ಸೆಂಟಿಮೀಟರ್ ಎತ್ತರದ ಸೂರಿನಿಂದ ಟ್ರ್ಯಾಕು ಮತ್ತು ಕೊಕ್ಕೆಗೆ 5 ಸೆಂಟಿಮೀಟರ್ ಕಳೆದರೂ 200ರ ಪರದೆ ನೆಲಕ್ಕಿಂತ 8 ಸೆಂಟಿಮೀಟರ್ ಮೇಲೆ ನಿಲ್ಲುತ್ತದೆ. ನೀರು ಹೊರಗೆ ಹರಿಯದಂತೆ ಷವರಿನ ಅಂಚಿಗೆ ನೆಲದ ಮೇಲೆ ನಾನು ಕಟ್ಟಿಸಿದ ಗ್ರಾನೈಟ್ ಪಟ್ಟಿಯ ಎತ್ತರವೇ 5 ಸೆಂಟಿಮೀಟರ್. ಆದ್ದರಿಂದ ನೀರು ಹೀರದ ಪಾಲಿಯೆಸ್ಟರ್ ಬಟ್ಟೆ ತಂದು ದರ್ಜಿಯಿಂದ 205 ಸೆಂಟಿಮೀಟರಿಗೆ ಹೊಲಿಸಿ, ಅಂಚು ಪಟ್ಟಿಯ ಒಳಬದಿಯಲ್ಲಿ ಇಳಿಯುವಂತೆ ಮಾಡಿದೆ. ಇಲ್ಲಿ ಇನ್ನೊಂದು ಕಾಟ ಎದುರಾಯಿತು. ಷವರ್ ಬಿಟ್ಟ ಕೂಡಲೇ ಪರದೆ ಒಳಕ್ಕೆ ಉಬ್ಬಿ ಮೈಗೆ ಅಂಟುತ್ತದೆ, ಸಣ್ಣ ಬಚ್ಚಲಿನಲ್ಲಿ ಹಿಂದೆ ಸರಿಯಲು ಜಾಗವೂ ಇರುವುದಿಲ್ಲ. ನಗುವಂಥ ವಿಷಯವೆಂದು ತೋರಿದರೂ ಇದನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕಿ, ಬೀಳುವ ನೀರಿನ ಹನಿಗಳು ಗಾಳಿಯಲ್ಲಿ ಅಡ್ಡ ಸುಳಿಯೊಂದನ್ನು ಎಬ್ಬಿಸಿ ಅದರ ನಡುವೆ ಒತ್ತಡ ಕಡಿಮೆಯಾಗುವುದು ಒಂದು ಕಾರಣವೆಂದು ತೋರಿಸಿದ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಡೇವಿಡ್ ಶ್ಮಿಟ್ ಅವರಿಗೆ 2001ರಲ್ಲಿ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನ ಬಂದಿತ್ತು. ನನ್ನ ಪರಿಹಾರ ಸರಳವಾದದ್ದು: ಕೆಳಗಿನ ಮಡಿಕೆಯೊಳಗೆ ಗೇಣಿಗೊಂದರಂತೆ ಸ್ಟೇನ್‌ಲೆಸ್ ವಾಷರ್ ಇಟ್ಟು ಹೊಲಿಸಿದೆ. ಉಬ್ಬುವುದು ಪೂರ್ತಿ ನಿಲ್ಲಲಿಲ್ಲ, ಆದರೆ ಮೈಗೆ ತಾಗುವುದು ನಿಂತಿತು.

ರನ್ನರ್ ಸರಾಗವಾಗಿ ಓಡಲೆಂದು ಆರಂಭದಲ್ಲಿ ತೆಂಗಿನೆಣ್ಣೆ ಬಿಟ್ಟೆ. ಡಿಸೆಂಬರಿನ ಚಳಿಗೆ ಬಾಟಲಿಯಲ್ಲಿ ಹೆಪ್ಪುಗಟ್ಟುವ ಎಣ್ಣೆ ಟ್ರ್ಯಾಕಿನಲ್ಲಿಯೂ ಹೆಪ್ಪುಗಟ್ಟುತ್ತದೆ ಎಂಬ ಸಾಮಾನ್ಯ ಸಂಗತಿ ನನಗೆ ಆಗ ಹೊಳೆಯಲಿಲ್ಲ. ಬೆಳಗಿನ ಹೊತ್ತು ಪರದೆ ಅಲುಗುತ್ತಿರಲಿಲ್ಲ, ಮಧ್ಯಾಹ್ನ ತಾನಾಗಿ ಸರಿಯಾಗುತ್ತಿತ್ತು. ಈಗ ಒಣ ಟ್ರ್ಯಾಕಿಗೆ ಮೇಣದ ಬತ್ತಿಯನ್ನು ಉಜ್ಜುತ್ತೇನೆ. ತುದಿಯ ಮುಚ್ಚಳ ಬಿದ್ದುಹೋಗಿ ಕೋಣೆ ಒಂದು ತಿಂಗಳು ಮುಚ್ಚಿದ್ದಾಗ ಕಣಜ ಬಂದು ಟ್ರ್ಯಾಕಿನ ಬಾಯಿಗೆ ಮಣ್ಣಿನ ಗೂಡು ಕಟ್ಟಿದ್ದೂ ಉಂಟು. ಬೂಸ್ಟಿಗೆ ಮಾತ್ರ ಎರಡು ಪರದೆಗಳನ್ನು ಇಟ್ಟುಕೊಂಡು ವಾರಕ್ಕೊಮ್ಮೆ ಬದಲಾಯಿಸುವುದನ್ನು ಬಿಟ್ಟು ಬೇರೆ ದಾರಿ ನನಗೆ ಕಂಡಿಲ್ಲ. ಸ್ನಾನವಾದ ಮೇಲೆ ಪರದೆಯನ್ನು ಮಡಿಕೆಯಾಗಿ ಸರಿಸಿಡದೆ ಪೂರ್ತಿ ಹರವಿ ಬಿಡಿ ಎಂದು ಬಾಗಿಲಿಗೆ ಚೀಟಿ ಅಂಟಿಸಿದ್ದೇನೆ. ಅತಿಥಿಗಳಲ್ಲಿ ಅರ್ಧ ಜನ ಓದುತ್ತಾರೆ.

ಇದನ್ನೆಲ್ಲ ನೋಡಿದ ನನ್ನ ಅಕ್ಕನ ಮಗ, ತಾನು ವಾಸಕ್ಕೆ ಅನುಕೂಲವಾಗುವಂತೆ ಮಾರ್ಪಡಿಸುತ್ತಿದ್ದ ಹಳೆಯ ಟೆಂಪೋ ಟ್ರಾವೆಲರಿನ ಬಚ್ಚಲಿಗೂ ಟ್ರ್ಯಾಕ್ ಹಾಕಿಕೊಡಿ ಮಾವ ಎಂದ. 32 ಅಂಗುಲಕ್ಕೆ 36 ಅಂಗುಲದ ಆ ಡಬ್ಬಿಯಲ್ಲಿ ಮನೆಯ ಪಾಠಗಳು ಅರ್ಧವಷ್ಟೇ ಕೆಲಸಕ್ಕೆ ಬಂದವು. ರಸಮಟ್ಟ ಹಿಡಿದು ಗುರುತು ಹಾಕಿದವನು, ಗಾಡಿಯೇ ನಮ್ಮ ಇಳಿಜಾರು ಅಂಗಳದಲ್ಲಿ ವಾಲಿ ನಿಂತಿದೆ ಎಂಬುದು ನೆನಪಾಗಿ ಎಲ್ಲ ಅಳಿಸಿದೆ; ವಾಹನದಲ್ಲಿ ಅಳೆಯಬೇಕಾದದ್ದು ಅದರ ನೆಲದಿಂದ ಮೇಲಕ್ಕೆ. ಮೇಲ್ಛಾವಣಿಯೂ ಅಡ್ಡಕ್ಕೆ ಬಾಗಿರುವುದರಿಂದ ಬಿಗಿಯಾದ ಅಲ್ಯೂಮಿನಿಯಂ ಅಲ್ಲಿಗೆ ಹೊಂದಲಿಲ್ಲ, ಬಾಗುವ ಪಿವಿಸಿ ಟ್ರ್ಯಾಕನ್ನೇ ಹಾಕಿದೆ. ಚಳಿಗೆ ಸೆಟೆದುಕೊಂಡಿದ್ದ ಅದನ್ನು ಬಿಸಿನೀರಿನಲ್ಲಿ ಅದ್ದಿದಾಗ ಹೇಳಿದಂತೆ ಕೇಳಿತು. ಒಳಛಾವಣಿಯ ಪ್ಲೈವುಡ್ಡಿಗೂ ಹೊರಗಿನ ತಗಡಿಗೂ ನಡುವೆ ಅಂತರ ಒಂದು ಅಂಗುಲಕ್ಕಿಂತ ಹೆಚ್ಚಿಲ್ಲದ ಕಾರಣ ಡ್ರಿಲ್ ಬಿಟ್ಟಿಗೆ 10 ಮಿಲಿಮೀಟರ್ ಬಿಟ್ಟು ಟೇಪು ಸುತ್ತಿಕೊಂಡು, ಆ ಟೇಪು ಪ್ಲೈವುಡ್ಡಿಗೆ ತಾಗಿದ ಕೂಡಲೇ ನಿಲ್ಲಿಸುತ್ತಿದ್ದೆ. ಮಾಡಿನ ತಗಡು ತೂತಾದರೆ ಆಗುವುದು ಬೇರೆಯೇ ಸ್ನಾನ. ಪ್ರತಿ ತೂತಿಗೂ ಸೀಲೆಂಟ್ ತುಂಬಿಯೇ ಸ್ಕ್ರೂ ತಿರುಗಿಸಿದೆ, ಹಬೆ ಒಳಹೋಗಿ ಪ್ಲೈವುಡ್ ಉಬ್ಬಬಾರದೆಂದು.

ಸಂಪಾಜೆ ಘಾಟಿಯ ತಿರುವುಗಳಲ್ಲಿ ಮೊದಲ ಬಾರಿ ಇಳಿದಾಗ ಪರದೆ ತಾನಾಗಿ ಹಿಂದಕ್ಕೂ ಮುಂದಕ್ಕೂ ಓಡಾಡಿ, ರನ್ನರ್‌ಗಳು ದಾರಿಯುದ್ದಕ್ಕೂ ಗಡಗಡ ಸದ್ದು ಮಾಡಿದವಂತೆ. ಅದಕ್ಕೆ ಗೋಡೆಗೊಂದು ವೆಲ್ಕ್ರೋ ಪಟ್ಟಿ ಹಾಕಿ, ಹೊರಡುವ ಮುಂಚೆ ಪರದೆಯನ್ನು ಒಟ್ಟು ಮಾಡಿ ಕಟ್ಟುವ ವ್ಯವಸ್ಥೆ ಮಾಡಿಕೊಟ್ಟೆ. ಸಾವಿರ ಕಿಲೋಮೀಟರ್ ಓಡಿದ ಮೇಲೆ ಸ್ಕ್ರೂಗಳನ್ನೆಲ್ಲ ಮತ್ತೊಮ್ಮೆ ಪರೀಕ್ಷಿಸಿದಾಗ ಎಂಟರಲ್ಲಿ ಎರಡು ಅರ್ಧ ಸುತ್ತು ಸಡಿಲವಾಗಿದ್ದವು. ಉಳಿದವು ಗಟ್ಟಿಯಾಗಿಯೇ ಇದ್ದವು.