ನಲವತ್ತೊಂದು ಮಂದಿ ಒಂದೇ ತಪ್ಪು ಬರೆದಾಗ: ಕಾಪಿ ತಡೆಯಲು ಒಬ್ಬ ಮೇಡಂ ಕಲಿತದ್ದು

ಸಾಗರ ತಾಲೂಕಿನ ಗೇಣಿದಾರರ ಕಾಗೋಡು ಚಳವಳಿ ನಡೆದದ್ದು 1951ರಲ್ಲಿ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ 41 ಅಸೈನ್‌ಮೆಂಟ್‌ಗಳಲ್ಲಿ 41ರಲ್ಲೂ 1915 ಅಂತ ಇತ್ತು. ಹೊರಗೆ ಜಡಿಮಳೆ, ಕರೆಂಟ್ ಹೋಗಿತ್ತು, ಎಮರ್ಜೆನ್ಸಿ ಲ್ಯಾಂಪ್ ಹಚ್ಚಿಕೊಂಡು ತಿದ್ದುತ್ತಾ ಕೂತಿದ್ದೆ. ಏಳನೆಯದಕ್ಕೆ ಬರುವಷ್ಟರಲ್ಲಿ ಸಿಟ್ಟು ನೆತ್ತಿಗೇರಿತ್ತು. ಮೂಲ ಕಳ್ಳ ಯಾರು ಅಂತ ಹುಡುಕುತ್ತಾ ಹೋದೆ. ಸಿಕ್ಕಿದ್ದು ನನ್ನದೇ ನೋಟ್ಸ್. ಮೂರು ವರ್ಷದಿಂದ ಅದೇ ಹಳದಿ ಹಾಳೆ ಹಿಡಿದು ಬರೆಸಿದ್ದೆ. ಅಂಕಿ ಹಿಂದುಮುಂದಾಗಿದ್ದು ನನ್ನ ಕೈಯಲ್ಲೇ.

ನಾನು ಕೊಟ್ಟ ಪ್ರಶ್ನೆ ಏನು ಗೊತ್ತಾ? 'ಕಾಗೋಡು ಸತ್ಯಾಗ್ರಹದ ಕಾರಣಗಳು ಮತ್ತು ಪರಿಣಾಮಗಳನ್ನು ವಿವರಿಸಿ.' ನೋಟ್ಸ್ ನೋಡಿ ಬರೆಯಿರಿ ಅಂತ ಹೇಳಿದ ಹಾಗೇ ಆಯಿತಲ್ಲ.

ಈಗ ಕಾಲೇಜಿಗೆ ಹೊಸದಾಗಿ ಬರುವ ಅತಿಥಿ ಉಪನ್ಯಾಸಕರು 'ಕಾಪಿ ಹಿಡಿಯೋದು ಹೆಂಗೆ ಮೇಡಂ?' ಅಂತ ಕೇಳಿದರೆ, ಹಿಡಿಯುವ ಮಾತು ಆಮೇಲೆ, ಮೊದಲು ನಿಮ್ಮ ಪ್ರಶ್ನೆಪತ್ರಿಕೆ ತೋರಿಸಿ ಅನ್ನುತ್ತೇನೆ.

ಅದಕ್ಕೂ ಮುಂಚೆ ಒಂದು ಕೆಲಸ ಮಾಡಿ. ಹುಡುಗರ ತಲೆಯಲ್ಲಿ ಏನಿದೆ ಅಂತ ತಿಳಿದುಕೊಳ್ಳಿ. ಸೆಮಿಸ್ಟರ್‌ನ ಎರಡನೇ ವಾರ ನಾನು ಒಂದು ಅರ್ಧ ಹಾಳೆ ಹಂಚುತ್ತೇನೆ. ಅದರಲ್ಲಿ ಐದು ಸಂಗತಿ: ಪರೀಕ್ಷೆಗೆ ಚೀಟಿ ಒಯ್ಯುವುದು, ಪಕ್ಕದವರಿಗೆ ತೋರಿಸುವುದು, ಗೆಳತಿಯ ಅಸೈನ್‌ಮೆಂಟ್ ನೋಡಿ ಬರೆಯುವುದು, ಬೇರೆಯವರ ಹಾಜರಿಗೆ 'ಎಸ್ ಮೇಡಂ' ಅನ್ನುವುದು, ಚಾಟ್‌ಜಿಪಿಟಿ ಬರೆದದ್ದನ್ನು ಹಾಗೇ ಕೊಡುವುದು. ಪ್ರತಿಯೊಂದರ ಎದುರು 'ತಪ್ಪು', 'ಸ್ವಲ್ಪ ತಪ್ಪು', 'ತಪ್ಪಲ್ಲ'. ಟಿಕ್ ಮಾತ್ರ ಹಾಕಬೇಕು, ಒಂದಕ್ಷರವೂ ಬರೆಯಬಾರದು. ಯಾಕಂದರೆ ನಮಗೆ ಅವರ ಕೈಬರಹ ಗೊತ್ತು, ನಮಗೆ ಗೊತ್ತು ಅಂತ ಅವರಿಗೂ ಗೊತ್ತು. ಹಾಳೆಗಳನ್ನು ಕ್ಲಾಸ್ ರೆಪ್ರೆಸೆಂಟೇಟಿವ್ ಕೈಯಿಂದಲೇ ಎಣಿಸಿ, ಲೆಕ್ಕವನ್ನು ಬೋರ್ಡಿನ ಮೇಲೆ ಬರೆಸಿ, ಅಲ್ಲೇ ಹರಿದು ಹಾಕಿಸಿ.

ನನ್ನ ಕ್ಲಾಸಿನಲ್ಲಿ ಪ್ರತಿ ಸಲ ಹೆಚ್ಚುಕಡಿಮೆ ಒಂದೇ ಚಿತ್ರ ಬರುತ್ತದೆ. ಚೀಟಿ ತಪ್ಪು ಅಂತ ಬಹುತೇಕ ಎಲ್ಲರೂ ಒಪ್ಪುತ್ತಾರೆ. ತೋರಿಸುವುದು ಮಾತ್ರ ತಪ್ಪಲ್ಲ, ಅದು 'ಹೆಲ್ಪ್'. ಒಬ್ಬ ಹುಡುಗ ಎದ್ದು ನಿಂತು ಹೇಳಿದ: "ಮೇಡಂ, ಕೊನೆ ಕೊಯ್ಲಿಗೆ ನಮ್ಮನೆಗೆ ಅವನು ಬರ್ತಾನೆ, ಅವನ ಮನೆಗೆ ನಾನು ಹೋಗ್ತೀನಿ. ಪರೀಕ್ಷೇಲಿ ಮುಖ ತಿರುಗಿಸ್ಲಾ?" ಅಡಿಕೆ ಗೊನೆ ಕೊಯ್ಯಲು ಒಬ್ಬರಿಗೊಬ್ಬರು ಆಳಾಗುವ ಮುಯ್ಯಾಳಿನ ಲೆಕ್ಕವನ್ನು ಪರೀಕ್ಷಾ ಹಾಲಿಗೆ ತಂದಿದ್ದ. ನನಗೆ ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ಅವನ ಮಾತು ಇಷ್ಟವಾಗಿತ್ತು. ಮರುದಿನ ಕೇಳಿದೆ: "ಕೊನೆ ಅವನು ಕೊಯ್ದು, ಕೂಲಿ ನೀನು ಎಣಿಸಿಕೊಂಡರೆ?" ಕ್ಲಾಸ್ ನಕ್ಕಿತು. ಅವನೂ ನಕ್ಕ. ನೀತಿಪಾಠ ಮಾಡಿದ್ದರೆ ಇಷ್ಟು ಕೆಲಸ ಆಗುತ್ತಿರಲಿಲ್ಲ.

ತಪ್ಪು ಅಂತ ಗೊತ್ತಿದ್ದೂ ಮಾಡುವವರು ಮೊದಲು ಸಬೂಬು ಕಟ್ಟಿಕೊಳ್ಳುತ್ತಾರೆ. 1957ರಲ್ಲಿ ಗ್ರೆಶಮ್ ಸೈಕ್ಸ್ ಮತ್ತು ಡೇವಿಡ್ ಮಾಟ್ಜಾ ಎಂಬ ಸಮಾಜಶಾಸ್ತ್ರಜ್ಞರು, ದಾರಿ ತಪ್ಪಿದ ಹುಡುಗರು ಹೇಳುವ ಇಂಥ ಸಬೂಬುಗಳನ್ನು ಐದು ಬಗೆಯಾಗಿ ವಿಂಗಡಿಸಿದ್ದರು. ನನ್ನ ಕೈ ಮೀರಿತ್ತು, ಯಾರಿಗೂ ನಷ್ಟ ಆಗಿಲ್ಲ, ಅವರಿಗೆ ಹಾಗೇ ಆಗಬೇಕಿತ್ತು, ದೂರುವವರೇನು ಸಾಚಾನಾ, ಗೆಳೆಯನಿಗೋಸ್ಕರ ಮಾಡಿದೆ. ಐದೂ ನನ್ನ ಕ್ಲಾಸಿನಲ್ಲಿ ಕೇಳಿದ್ದೇನೆ. ನಾಲ್ಕನೆಯದು ಜಾಸ್ತಿ ಚುಚ್ಚುತ್ತದೆ. ಹಳದಿ ನೋಟ್ಸ್ ನೆನಪಾಗುತ್ತದೆ.

ಇನ್ನು ಪ್ರಶ್ನೆಯ ವಿಚಾರ. ಗೂಗಲ್‌ಗೂ ಹಿಂದಿನ ಬ್ಯಾಚ್‌ಗೂ ಗೊತ್ತಿಲ್ಲದ್ದನ್ನು ಕೇಳಿ. ಕಾಗೋಡಿನ ಜಗಳ ಶುರುವಾಗಿದ್ದು ಗೇಣಿ ಭತ್ತ ಅಳೆಯುವ ಕೊಳಗದಿಂದ. ಒಡೆಯರ ಕೊಳಗ ದೊಡ್ಡದು ಅನ್ನುವುದು ಗೇಣಿದಾರರ ತಕರಾರು. ಆಮೇಲೆ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು, ಅವರ ಬಂಧನವೂ ಆಯಿತು. ಇಷ್ಟನ್ನು ನಾನೇ ಕ್ಲಾಸಿನಲ್ಲಿ ಹೇಳಿಬಿಡುತ್ತೇನೆ. ಅಸೈನ್‌ಮೆಂಟ್ ಹೀಗಿರುತ್ತದೆ: ನಿಮ್ಮ ಮನೆಯಲ್ಲೋ ಊರಿನಲ್ಲೋ 65 ದಾಟಿದ ಒಬ್ಬರ ಹತ್ತಿರ ಕೂತು ಮಾತಾಡಿ. ಭತ್ತ ಯಾವುದರಲ್ಲಿ ಅಳೆಯುತ್ತಿದ್ದರು? 1974ರ ಭೂಸುಧಾರಣೆ ಬಂದಾಗ ಗೇಣಿ ಜಮೀನು ತಮಗಾಗಲಿ ಅಂತ ಡಿಕ್ಲರೇಷನ್ (ಅರ್ಜಿ) ಹಾಕಿದ್ದರಾ, ಹಾಕದಿದ್ದರೆ ಯಾಕೆ? ಅವರು ಹೇಳಿದ್ದು ಪಠ್ಯದಲ್ಲಿ ಇರುವುದಕ್ಕೆ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ?

ಇದನ್ನೂ ಕಾಪಿ ಹೊಡೆಯಬಹುದು, ಇಲ್ಲದ ಅಜ್ಜಿಯನ್ನು ಹುಟ್ಟಿಸಬಹುದು. ಹಾಗಾಗಿ ಎರಡು ಕಂತಿನಲ್ಲಿ ತೆಗೆದುಕೊಳ್ಳುತ್ತೇನೆ. ಮೊದಲು ಮಾತಾಡುವಾಗ ಗೀಚಿಕೊಂಡ ಹಾಳೆ, ಹತ್ತು ದಿನದ ಮೇಲೆ ಬರಹ. ಗೀಚಿದ ಹಾಳೆಗೂ ಅಂಕ ಉಂಟು. ಒಂದು ಹಾಳೆಯ ಮೇಲೆ ಕವಳದ (ಎಲೆಅಡಿಕೆಯ) ಕಲೆ ಬಿದ್ದಿತ್ತು, ಅಜ್ಜ ಮಾತಾಡುತ್ತಾ ಕವಳ ಹಾಕುತ್ತಿದ್ದರಂತೆ. ಸಾಗರದ ಕಡೆಯ ಹುಡುಗಿಯೊಬ್ಬಳು ಕೊಳಗವನ್ನೇ ಚೀಲದಲ್ಲಿ ಹಾಕಿಕೊಂಡು ಬಂದಳು. ಸ್ಟಾಫ್‌ರೂಮಿನಲ್ಲಿ ಅಕ್ಕಿ ಸುರಿದು ಅಳೆದದ್ದೇ ಅಳೆದದ್ದು.

ಕೊನೆ ತಾರೀಕನ್ನೂ ನೋಡಿಕೊಂಡು ಇಡಿ. ಮಲೆನಾಡಿನಲ್ಲಿ ಸುಗ್ಗಿ ಶುರುವಾದರೆ ರಾತ್ರಿ ಹನ್ನೊಂದರವರೆಗೂ ಮನೆಮಂದಿಯೆಲ್ಲ ಅಡಿಕೆ ಸುಲಿಯಲು ಕೂರುತ್ತಾರೆ. ಆ ವಾರ ನಾಲ್ಕು ವಿಷಯದ ಅಸೈನ್‌ಮೆಂಟ್ ಒಟ್ಟಿಗೆ ಬಿದ್ದರೆ ಬೆಳಗಿನ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕಾಪಿ ಮಾಡದೆ ಇನ್ನೇನು ಮಾಡುತ್ತಾರೆ? ಪಕ್ಕದ ವಿಭಾಗದವರ ಹತ್ತಿರ ಚಹಾ ಕುಡಿಯುವಾಗ ತಾರೀಕು ಮಾತಾಡಿಕೊಳ್ಳಿ, ಸಾಕು.

ಚೀಟಿಯ ಬಗ್ಗೆ ಹೇಳಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷ ಇಂಟರ್ನಲ್ಸ್‌ನಲ್ಲಿ ಒಬ್ಬ ಹುಡುಗಿಯ ಜಾಮಿಟ್ರಿ ಬಾಕ್ಸಿನಿಂದ ಚೀಟಿ ಎಳೆದೆ. ಎಲ್ಲರ ಎದುರು ನಿಲ್ಲಿಸಿ ಬೈದೆ, ಸೊನ್ನೆ ಹಾಕಿದೆ. ಅವಳು ನಾಲ್ಕು ದಿನ ಕಾಲೇಜಿಗೆ ಬರಲಿಲ್ಲ. ಸಂಜೆ ಆ ಚೀಟಿ ಬಿಡಿಸಿ ನೋಡಿದೆ. ಬಸ್ ಟಿಕೆಟಿನಷ್ಟು ಅಗಲ, ಕೊಳಲಿನ ಹಾಗೆ ಸುತ್ತಿದ್ದು. ಸಾಸಿವೆಯಷ್ಟು ಅಕ್ಷರ. ಕೆಳದಿ ಅರಸರ ಸಾಲು, ಶಿವಪ್ಪ ನಾಯಕನ 'ಶಿಸ್ತು' ಎಂಬ ಭೂಕಂದಾಯ ಪದ್ಧತಿ, ಇಕ್ಕೇರಿಯಿಂದ ಬಿದನೂರಿಗೆ ರಾಜಧಾನಿ ಹೋದದ್ದು, ಎಲ್ಲ ಬಾಣದ ಗುರುತು ಹಾಕಿ ಜೋಡಿಸಿದ್ದಳು. ನನ್ನ ನೋಟ್ಸ್‌ಗಿಂತ ಚೆನ್ನಾಗಿತ್ತು. ಇಷ್ಟು ಮಾಡಲು ಬಂದವಳಿಗೆ ಪಾಠ ಬಂದಿರಲೇಬೇಕು, ಅಲ್ವಾ? ಬಂದಿದೆ ಅಂತ ಅವಳಿಗೇ ಧೈರ್ಯ ಇರಲಿಲ್ಲ.

ಅಂದಿನಿಂದ ಇಂಟರ್ನಲ್ಸ್‌ಗೆ ಚೀಟಿ ತರಲು ನಾನೇ ಹೇಳುತ್ತೇನೆ. ಎ4 ಹಾಳೆಯ ಒಂದು ಮಗ್ಗುಲು, ಸ್ವಂತ ಕೈಬರಹ, ಜೆರಾಕ್ಸ್ ನಡೆಯುವುದಿಲ್ಲ. ಉತ್ತರದ ಜೊತೆ ಅದನ್ನೂ ಕೊಟ್ಟು ಹೋಗಬೇಕು. ಪ್ರಶ್ನೆಗಳೂ ಅದಕ್ಕೆ ತಕ್ಕಂತೆ ಇರಬೇಕು. 'ಶಿಸ್ತು ಎಂದರೇನು' ಅಂತ ಕೇಳಿದರೆ ಕೆಟ್ಟಿತು. 'ಶಿಸ್ತು ಬಂದ ಮೇಲೆ ರೈತನಿಗೆ ಏನು ಅನುಕೂಲ, ಅರಸನಿಗೆ ಏನು?' ಅಂತ ಕೇಳಿ. ಸೆಮಿಸ್ಟರ್ ಪರೀಕ್ಷೆಗೆ ಇದು ನಡೆಯುವುದಿಲ್ಲ, ಅಲ್ಲಿ ವಿಶ್ವವಿದ್ಯಾಲಯದ ನಿಯಮವೇ ನಿಯಮ. ಆದರೂ ಹಾಳೆ ತಯಾರು ಮಾಡಿ ಅಭ್ಯಾಸವಾದವರಿಗೆ ಅಲ್ಲಿಯೂ ಅದರ ಪ್ರಯೋಜನ ಕಾಣುತ್ತದೆ.

ಸೆಮಿಸ್ಟರ್ ಪರೀಕ್ಷೆಯ ಕೊಠಡಿಗೆ ಡ್ಯೂಟಿ ಬಿದ್ದರೆ, ಪ್ರಶ್ನೆಪತ್ರಿಕೆ ಹಂಚುವ ಮೊದಲು ಎರಡು ನಿಮಿಷ ಕೊಡಿ. "ಏನಾದರೂ ಉಳಿದಿದ್ದರೆ ಹೊರಗಿನ ಬುಟ್ಟಿಗೆ ಹಾಕಿ ಬನ್ನಿ, ನಾನು ಕಿಟಕಿ ಕಡೆ ನೋಡುತ್ತಿರುತ್ತೇನೆ." ಬುಟ್ಟಿ ಎಷ್ಟು ತುಂಬುತ್ತದೆ ನೋಡಿ! ಆಮೇಲೆ ಕುರ್ಚಿಯಲ್ಲಿ ಕೂತು ಮೊಬೈಲ್ ನೋಡಬೇಡಿ. ಕೊಠಡಿಯ ಹಿಂಭಾಗದಲ್ಲಿ ನಿಲ್ಲಿ, ಎಲ್ಲಿ ನೋಡುತ್ತಿದ್ದೀರಿ ಅಂತ ಅವರಿಗೆ ಕಾಣುವುದಿಲ್ಲ. ಸಿಕ್ಕಿಬಿದ್ದರೆ ಕೂಗಾಟ ಬೇಡ. ಚೀಟಿ ತೆಗೆದುಕೊಳ್ಳಿ, ಸಮಯ ಬರೆದುಕೊಳ್ಳಿ, ಮುಖ್ಯ ಅಧೀಕ್ಷಕರನ್ನು ಕರೆಸಿ. ತೀರ್ಪು ಕೊಡುವುದು ನಮ್ಮ ಕೆಲಸವಲ್ಲ.

ಕಾಪಿ ಮಾಡುವುದಿಲ್ಲ ಎಂಬ ಪ್ರಮಾಣಪತ್ರಕ್ಕೆ ಸಹಿ ಹಾಕಿಸಿದರೆ ಪ್ರಾಮಾಣಿಕತೆ ಬರುತ್ತದೆ ಅಂತ ಬಹಳ ನೆಚ್ಚಿಕೊಳ್ಳಬೇಡಿ. ಮೊದಲೇ ಸಹಿ ಮಾಡಿಸಿದರೆ ಜನ ಕಡಿಮೆ ಸುಳ್ಳು ಹೇಳುತ್ತಾರೆ ಎಂದು 2012ರಲ್ಲಿ ಹೆಸರು ಮಾಡಿದ್ದ ಅಮೆರಿಕದ ಒಂದು ಸಂಶೋಧನಾ ಲೇಖನವನ್ನು 2021ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಅದರ ಒಂದು ಪ್ರಯೋಗದ ಅಂಕಿಅಂಶವೇ ಕಟ್ಟುಕಥೆಯಾಗಿತ್ತು. ಇದನ್ನು ಕ್ಲಾಸಿನಲ್ಲಿ ಹೇಳಿದರೆ ಹಿಂದಿನ ಬೆಂಚಿನವರೂ ಎದ್ದು ಕೂರುತ್ತಾರೆ.

ಸಂಶೋಧನೆ ಮಾಡುವವರಿಗೆ ನಿಯಮ ಬೇರೆಯೇ ಇದೆ. ಯುಜಿಸಿಯ 2018ರ ನಿಯಮಾವಳಿ ಪ್ರಕಾರ ಪ್ರಬಂಧದಲ್ಲಿ ಶೇಕಡಾ 10ರವರೆಗಿನ ಹೋಲಿಕೆಗೆ ದಂಡ ಇಲ್ಲ. 10ರಿಂದ 40 ಆದರೆ ಆರು ತಿಂಗಳ ಒಳಗೆ ತಿದ್ದಿ ಕೊಡಬೇಕು. 60 ದಾಟಿದರೆ ನೋಂದಣಿಯೇ ರದ್ದು.

ಚಾಟ್‌ಜಿಪಿಟಿ ಹಿಡಿಯುತ್ತೇವೆ ಅನ್ನುವ ಸಾಫ್ಟ್‌ವೇರ್‌ಗಳನ್ನು ನಾನು ನಂಬುವುದಿಲ್ಲ. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆ ಸಾಧನವನ್ನು, ನಿಖರವಾಗಿಲ್ಲ ಅಂತ 2023ರ ಜುಲೈನಲ್ಲಿ ನಿಲ್ಲಿಸಿತು. ಇಂಗ್ಲಿಷ್ ಮನೆಮಾತಲ್ಲದವರು ಸ್ವಂತವಾಗಿ ಬರೆದದ್ದನ್ನೂ ಇಂಥ ಸಾಧನಗಳು ಯಂತ್ರದ್ದು ಅಂತ ತೋರಿಸಿದ ಉದಾಹರಣೆಗಳಿವೆ. ಕನ್ನಡ ಮಾಧ್ಯಮದಿಂದ ಬಂದ ಹುಡುಗಿ ಕಷ್ಟಪಟ್ಟು ಬರೆದ ಇಂಗ್ಲಿಷಿಗೆ ಕಳ್ಳಿ ಅನ್ನಿಸಿಕೊಳ್ಳಬೇಕೇ?

ನನ್ನ ದಾರಿ ಸುಲಭ. ಅನುಮಾನ ಬಂದರೆ ಸ್ಟಾಫ್‌ರೂಮಿನ ಹೊರಗಿನ ಜಗಲಿಯಲ್ಲಿ ಐದು ನಿಮಿಷ ಮಾತಾಡಿಸುವುದು. ಹೋದ ವರ್ಷ ಒಬ್ಬನ ಬರಹದಲ್ಲಿ 'ಬಹುಆಯಾಮದ ಕೃಷಿಕ ಪ್ರಜ್ಞೆ' ಅಂತ ಇತ್ತು. ಹಾಗಂದರೇನಪ್ಪಾ ಅಂತ ಕೇಳಿದೆ. ತಲೆ ಕೆರೆದುಕೊಂಡ. ನೀನು ಮಾತಾಡಿಸಿದ ಅಜ್ಜ ಎಲ್ಲಿಯವರು? ಮೊಬೈಲ್ ಕಡೆ ನೋಡಿದ. ಅವರ ಮನೆಯಲ್ಲಿ ಕೊಳಗ ಇತ್ತಾ? ಮೂರನೆಯದಕ್ಕೆ ಅವನೇ ಕೈಮುಗಿದು, "ಮೇಡಂ, ಸೋಮವಾರ ಬೇರೆ ಬರ್ಕೊಂಡು ಬರ್ಲಾ? ನಮ್ಮಜ್ಜಿ ಇದಾರೆ, ಆದ್ರೆ ಕಿವಿ ಕೇಳಲ್ಲ" ಅಂದ. ಜೋರಾಗಿ ಕೇಳು, ಬುಧವಾರ ಕೊಡು ಅಂದೆ.