ಸಕ್ಕರೆ ಪಾಕದ ರಕ್ತ

ಕಳೆದ ಬೇಸಿಗೆಯಲ್ಲಿ ನಾವು ನಾಲ್ಕು ಜನ ಸೇರಿ 11 ನಿಮಿಷದ ದೆವ್ವದ ಸಿನಿಮಾ ಮಾಡಿದೆವು. ಬಸವನಗುಡಿಯ ಅಜ್ಜಿ ಮನೆಯಲ್ಲಿ ಶೂಟಿಂಗ್. ಖರ್ಚು 2,300 ರೂಪಾಯಿ. ಅದರಲ್ಲಿ ಅರ್ಧ ದೋಸೆಗೇ ಹೋಯಿತು.

ಕಥೆ ನಮ್ಮೂರಿನದೇ. 90ರ ದಶಕದಲ್ಲಿ ಬಾಗಿಲು ಬಡಿಯುವ ದೆವ್ವ ಓದಿಕೊಂಡು ವಾಪಸ್ ಹೋಗಲಿ ಅಂತ ಮನೆಮನೆ ಬಾಗಿಲ ಮೇಲೆ ‘ನಾಳೆ ಬಾ’ ಬರೆದಿರುತ್ತಿದ್ದರಲ್ವಾ? ನಮ್ಮ ದೆವ್ವ 30 ವರ್ಷ ಹಾಗೇ ಅಲೆದು, ಕೊನೆಗೆ ಫೈಲು ಹಿಡಿದು ಬರುತ್ತದೆ. ‘ದಿನಾ ನಾಳೆ ಬಾ ಅಂದ್ರೆ ಹೇಗೆ ಸ್ವಾಮಿ? ಬಂದು ಹೋಗಿದ್ದಕ್ಕೆ ಒಂದು ಸೀಲಾದ್ರೂ ಹಾಕಿ ಕೊಡಿ.’

ರಕ್ತದ್ದೇ ದೊಡ್ಡ ತಲೆನೋವು. 1981ರ ಅಮೆರಿಕದ ದೆವ್ವದ ಸಿನಿಮಾ ‘ದಿ ಈವಿಲ್ ಡೆಡ್’ನಲ್ಲಿ ಜೋಳದ ಸಿರಪ್‌ಗೆ ಬಣ್ಣ ಬೆರೆಸಿದ್ದರು. ನಾನು ಸಕ್ಕರೆ ಪಾಕ ಕಾಸಿ ಕೆಂಪು ಫುಡ್ ಕಲರ್ ಹಾಕಿದೆ. ಟ್ಯೂಬ್‌ಲೈಟ್ ಕೆಳಗೆ ಮೊಬೈಲ್‌ನಲ್ಲಿ ನೋಡಿದರೆ ಥೇಟ್ ರೋಸ್ ಮಿಲ್ಕ್! ಬೆಳಗಿನ ಕಾಫಿ ಡಿಕಾಕ್ಷನ್ ಎರಡು ಚಮಚ ಸುರಿದ ಮೇಲೆ ಸರಿಹೋಯಿತು.

ದೆವ್ವ ಓಡಿ ಬರುವ ಶಾಟ್‌ಗೂ ಅದೇ ಸಿನಿಮಾ ಗುರು. ಅದರ ನಿರ್ದೇಶಕ ಸ್ಯಾಮ್ ರೈಮಿ ತಂಡ ಕ್ಯಾಮೆರಾವನ್ನು ಹಲಗೆಗೆ ಬಿಗಿದು, ಎರಡೂ ತುದಿ ಹಿಡಿದು ಕಾಡಲ್ಲಿ ಓಡಿತ್ತು. ನಾವು ಮಂಚದ ಹಲಗೆಗೆ ಸೈಕಲ್ ಟ್ಯೂಬಿಂದ ಮೊಬೈಲ್ ಕಟ್ಟಿ ಓಣಿಯಲ್ಲಿ ಓಡಿದೆವು. ಫ್ರೇಮಿನ ಮೂಲೆಯಲ್ಲಿ ನನ್ನ ಹವಾಯಿ ಚಪ್ಪಲಿ ಕಾಣುತ್ತದೆ. ತೆಗೆಯಲಿಲ್ಲ. ಜನ ಹೆಚ್ಚು ನಕ್ಕಿದ್ದೇ ಅಲ್ಲಿ.

ಆದರೆ ದೆವ್ವ ತಾನೇ ನಗಿಸೋಕೆ ಹೊರಟರೆ ಕೆಟ್ಟಿತು. ದೆವ್ವವಾಗಿದ್ದ ಚಿಕ್ಕಪ್ಪನ ಮಗ ಮೊದಲ ದಿನವೆಲ್ಲ ಕಣ್ಣು ತಿರುಗಿಸಿ, ನಾಲಿಗೆ ಚಾಚಿ ಗೋಳು ಹೊಯ್ದುಕೊಂಡ. ಒಂದು ಶಾಟೂ ಉಪಯೋಗಕ್ಕೆ ಬರಲಿಲ್ಲ. ‘ನಗಿಸಬೇಡ ಮಾರಾಯ, ನಿನ್ನ ಕೆಲಸ ಆಗಿಲ್ಲ, ಸುಮ್ನೆ ಕಾಯ್ತಾ ಕೂತ್ಕೋ’ ಅಂದೆ. ಮರುದಿನ ಮೈಯೆಲ್ಲ ಪಾಕ ಸುರಿಸಿಕೊಂಡು ಹೊಸಿಲ ಮೇಲೆ ಕೂತ. ಎರಡೇ ನಿಮಿಷ, ಗೋಡೆ ಬಿರುಕಿನಿಂದ ಇರುವೆಗಳು ಬಂದವು. ಅವನ ಹಿಂದೆ ಅವೂ ಸರದಿ ನಿಂತ ಹಾಗಿತ್ತು. ಪುಣ್ಯಾತ್ಮ ಎದ್ದೇಳಲಿಲ್ಲ. ಮುಖ ಗಂಟು ಹಾಕಿಕೊಂಡು ಅದೇ ಫೈಲಿನಿಂದ ಬೆನ್ನು ಕೆರೆದುಕೊಂಡ. ನನ್ನ ಕೈ ನಡುಗುತ್ತಿದ್ದರೂ ರೆಕಾರ್ಡಿಂಗ್ ನಿಲ್ಲಿಸಲಿಲ್ಲ.

ಅಷ್ಟರಲ್ಲಿ ಒಳಗಿಂದ ಅಜ್ಜಿ ಬಂದರು. ಅವನನ್ನೂ ನೆಲವನ್ನೂ ಒಮ್ಮೆ ನೋಡಿ, ‘ಎಷ್ಟು ಸಕ್ಕರೆ ಹಾಳು ಮಾಡಿದ್ರೋ?’ ಅಂದರು. ಸಿನಿಮಾದ ಕೊನೆಯ ಮಾತು ಅದೇ.